ಡಬರಿಯ ಮೇಲೆ ನನ್ನ ಹೆಸರು

“ಯಜಮಾನರ ಹೆಸರೇನಮ್ಮಾ?” ಹೆಸರು ಕೊರೆಯುವ ಯಂತ್ರ ಹಿಡಿದು ಕೋಠಿ ಪೇಟೆಯ ಪಾತ್ರೆ ಅಂಗಡಿಯವರು ತೆಲುಗಿನಲ್ಲಿ ಕೇಳಿದರು.

ಅಂಗಡಿಯನ್ನು ಕಾಯಂ ಆಗಿ ಮುಚ್ಚುತ್ತಿದ್ದರು. ಈಗ ಊಟವೂ ಫೋನಿನಲ್ಲೇ ಬರುತ್ತದೆ, ಪಾತ್ರೆಯೂ ಫೋನಿನಲ್ಲೇ ಬರುತ್ತದೆ. ಹೆಸರು ಹಾಕಿಸುವವರು ಯಾರು? ನಾನು ಆರಿಸಿದ ಸ್ಟೀಲ್ ಡಬರಿಯೇ ಅವರು ಹೆಸರು ಕೊರೆಯುವ ಕೊನೆಯ ಪಾತ್ರೆಯಂತೆ.

ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ನಮ್ಮವರದೇ ಹೆಸರು. ಪುಣ್ಯಾತ್ಮರು ಒಂದು ದಿನ ಚಹಾ ಕಾಸಿದವರಲ್ಲ! ನನಗೇನಾಯಿತೋ, “ಗಂಗೂ” ಎಂದುಬಿಟ್ಟೆ. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುವ ತನಕ ಅದೇ ನನ್ನ ಹೆಸರಾಗಿತ್ತು. ಯಂತ್ರ ಗುರ್ರೆಂದಿತು.

ಮನೆಯಲ್ಲಿ ಸೊಸೆ ಡಬರಿ ತಿರುಗಿಸಿ ನೋಡಿ, “ಅತ್ತೀ, ಇದ್ಯಾರ ಮನೀದ್ರಿ? ವಾಪಸ್ ಕೊಡೋದೈತೇನ್ರಿ?” ಎಂದಳು. ನಾನು ನಕ್ಕೆ. ಅದರಲ್ಲೇ ಗೋಧಿ ಹುಗ್ಗಿ ಮಾಡಿ, ಮೇಲಿನ ಫ್ಲ್ಯಾಟಿಗೆ ಹೊಸದಾಗಿ ಬಂದವರಿಗೆ ಡಬರಿ ಸಮೇತ ಕೊಟ್ಟು ಬಂದೆ.

ಮರುದಿನ ಆ ಮನೆಯ ಹುಡುಗಿ ತೊಳೆದ ಡಬರಿ ಹಿಡಿದು, ಬಾಗಿಲಲ್ಲಿ ನಿಂತು, “ಗಂಗೂ ಆಂಟಿ!” ಎಂದು ಕೂಗಿದಳು. ಸೊಸೆ ಕಣ್ಣರಳಿಸಿ ನೋಡುತ್ತಿದ್ದಂತೆ “ಓ” ಎನ್ನುತ್ತಾ ಓಡಿದೆ. ಆ ಹೆಸರಿಗೆ ಓಗೊಟ್ಟು ಎಷ್ಟು ವರ್ಷವಾಗಿತ್ತು!