ಮಡ್‌ಗಾರ್ಡಿನ ಟೊಮೇಟೊ ಬಣ್ಣ

ಬಣ್ಣ ಕಲಸುವುದು ನನ್ನ ಕೆಲಸ, ಸ್ಪ್ರೇ ಗನ್ನಿನಿಂದ ಅದನ್ನು ಊದುವುದು ಸೊಸೆಯದು. ಗೋಕಾಕದ ನಮ್ಮ ಮನೆಯಲ್ಲಿ ಮೊದಲು ಕಟ್ಟಿಗೆಯ ಹಣ್ಣು, ಕಾಯಿಪಲ್ಲೆ ಮಾಡುತ್ತಿದ್ದೆವು. ಬಾಳೆ, ಸೀತಾಫಲ, ಟೊಮೇಟೊ. ಈಗ ಅವನ್ನು ಕೇಳುವವರು ಕಡಿಮೆ. ಸೊಸೆ ಗೇಣುದ್ದದ ಟ್ರ್ಯಾಕ್ಟರು ಮಾಡುತ್ತಾಳೆ. ಟ್ರ್ಯಾಕ್ಟರ್ ಇದ್ದವರು ತಮ್ಮ ಗಾಡಿಯದೇ ಸಣ್ಣ ರೂಪ ಮಾಡಿಸಿ ಶೋಕೇಸಿನಲ್ಲಿ ಇಡುತ್ತಾರೆ. ಖುಷಿ ಅವರದು.

ಗೇಣುದ್ದದ ಗಾಡಿಗೆ ಬಣ್ಣ ಎಷ್ಟು ಬೇಕು? ಔಷಧದ ಬಾಟಲಿಯ ಮುಚ್ಚಳದಲ್ಲಿ ತಳ ಮುಚ್ಚುವಷ್ಟು ಇದ್ದರೆ ಆಯಿತು. ಕಷ್ಟ ಇರುವುದೇ ಅಲ್ಲಿ. ಡಬ್ಬಿಗಟ್ಟಲೆ ಕಲಸುವಾಗ ಒಂದು ಹನಿ ಹೆಚ್ಚಾದರೆ ಗೊತ್ತಾಗುವುದಿಲ್ಲ. ಮುಚ್ಚಳದಲ್ಲಿ ಒಂದು ಹನಿ ಕಪ್ಪು ಹೆಚ್ಚಾದರೆ ಕೆಂಪು ಸತ್ತೇ ಹೋಗುತ್ತದೆ. ಅದಕ್ಕೇ ತಿಳಿಬಣ್ಣ ಮೊದಲು, ಗಾಢ ಆಮೇಲೆ. ಗಾಢವನ್ನು ನಾನು ಸುರಿಯುವುದಿಲ್ಲ, ಬೆಂಕಿಕಡ್ಡಿಯ ತುದಿಯಿಂದ ಮುಟ್ಟಿಸುತ್ತೇನೆ. ಥಿನ್ನರ್ ಹಾಕಿ ಹಾಲಿನಷ್ಟು ತೆಳುವಾದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸೋಸಬೇಕು. ಇಲ್ಲದಿದ್ದರೆ ಪೆನ್ನಿನಂಥ ಆ ಗನ್ನಿನ ಸೂಜಿಯಲ್ಲಿ ಕಸ ಸಿಕ್ಕಿ ಅದು ಉಗುಳುತ್ತದೆ. ಮತ್ತೆ, ಬೇಕಾದದ್ದಕ್ಕಿಂತ ತುಸು ಹೆಚ್ಚೇ ಕಲಸಬೇಕು. ನಡುವೆ ತೀರಿದರೆ ಅದೇ ಬಣ್ಣ ಎರಡನೇ ಸಲ ಬರುವುದಿಲ್ಲ. ಎಷ್ಟು ಬಡಿದಾಡಿದರೂ ಬರುವುದಿಲ್ಲ.

ನನ್ನ ಮಗ ಖರೇ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕಬ್ಬು ಹೇರುತ್ತಿದ್ದ. ಒಂದು ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಗಾಡಿಗಳ ಸಾಲಿನಲ್ಲಿ ಪಾಳಿ ಹಿಡಿದು ಕುಳಿತವನು ಎದೆನೋವು ಬಂದು ಸೀಟಿನ ಮೇಲೆಯೇ ಹೋದ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಹೊಡೆದು ಕೊನೆಗೆ ಇಳಿದು ಬಂದು ನೋಡಿದರಂತೆ. ಗಾಡಿಯನ್ನು ಮೂಡಲಗಿಯ ಒಬ್ಬರಿಗೆ ಮಾರಿದೆವು. ನಾನು ಅಳಲಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ಅಳು ಬರಲಿಲ್ಲ, ಅಳಲಿಲ್ಲ. ಈಗಲೂ ಬಂದಿಲ್ಲ.

ಆ ಗಾಡಿಯ ಎಡಗಡೆಯ ಮಡ್‌ಗಾರ್ಡು ಹಿಂದೊಮ್ಮೆ ಕೌಜಲಗಿ ಹತ್ತಿರ ಕಲ್ಲಿಗೆ ಉಜ್ಜಿ ಬಣ್ಣ ಕಿತ್ತಿತ್ತು. ಮಗ ಮನೆಯಲ್ಲಿದ್ದ ಟೊಮೇಟೊ ಬಣ್ಣವನ್ನೇ ತೆಗೆದುಕೊಂಡು ಬ್ರಷ್ಷಿನಲ್ಲಿ ಬಳಿದ. ಗಾಡಿಯದು ಕುಂಕುಮದಂಥ ಕೆಂಪು, ಇದು ಕಾಯಿಪಲ್ಲೆಯ ಕೆಂಪು. ಅಂಗೈ ಅಗಲದ ತ್ಯಾಪೆ ದೂರದಿಂದಲೇ ಕಾಣುತ್ತಿತ್ತು. ಕಾರ್ಖಾನೆಯ ಪಾಳಿಯಲ್ಲಿ "ಟೊಮೇಟೊ ಬಂತ ನೋಡ್ರಿ, ಚಟ್ನಿ ಅರೀರಿ" ಎಂದು ಚಾಷ್ಟಿ ಮಾಡುತ್ತಿದ್ದರಂತೆ. "ಒಳ್ಳಕಲ್ಲ ನಿಮ್ಮ ಮನ್ಯಾಂದ ತರ್ರಿ" ಎಂದು ಇವನೂ ಅನ್ನುತ್ತಿದ್ದನಂತೆ.

ಹೋದ ಚಳಿಗಾಲದಲ್ಲಿ ಮೂಡಲಗಿಯವರು ನಮ್ಮ ಮನೆಗೆ ಬಂದರು.

"ಅಕ್ಕಾರ, ನನ್ನ ಗಾಡೀದು ಒಂದ ಸಣ್ಣದ ಮಾಡಿ ಕೊಡ್ರಿ," ಎಂದರು ಸೊಸೆಗೆ. "ಹೊಸಾ ಬಣ್ಣದ್ದ ಮಾಡ್ರಿ ಮತ್ತ. ಗಾಡಿ ಹುಕ್ಕೇರಿ ಗ್ಯಾರೇಜಿಗೆ ಬಿಟ್ಟೇನಿ, ಪೂರ್ತಿ ಬಣ್ಣ ಹೊಡಸಾಕ. ಆ ಟೊಮೇಟೊ ಕಾಟ ಸಾಕಾಗೇತಿ ನನಗ."

ಸೊಸೆ ಚಹಾ ಸೋಸುತ್ತಿದ್ದಳು. "ಎಂದ ಬಿಟ್ಟೀರಿ?"

"ನಿನ್ನಿ."

ಅವರು ಹೋದ ಕೂಡಲೇ ಅವಳು ಸೀರೆ ಬದಲಿಸಿದಳು. "ನಡೀರಿ ಅತ್ತಿ. ಉಜ್ಜೂಕಿಂತ ಮೊದಲ ಆ ಬಣ್ಣ ನೋಡ್ಬೇಕ. ಎರಡ ಗಾಡಿ ಮಾಡ್ತೇನಿ. ಒಂದ ಅವರಿಗೆ, ಒಂದ ನನಗ. ನನ್ನದಕ್ಕ ಆ ತ್ಯಾಪಿ ಬೇಕ."

"ಫೋಟೋ ಅದಾವಲ್ಲ?"

"ಫೋಟೋದಾಗ ಬಣ್ಣ ಖರೆ ಇರತೈತೇನ್ರಿ? ಒಂದರಾಗ ಕಿತ್ತಳಿ ಕಾಣತೈತಿ, ಒಂದರಾಗ ರಗತ."

ಬಸ್ಸು ಹಿಡಿದು ಹುಕ್ಕೇರಿಗೆ ಹೋದೆವು. ಗಾಡಿ ಮೈಯೆಲ್ಲ ಬೂದಿಬಣ್ಣ ಆಗಿ ನಿಂತಿತ್ತು. ಅಷ್ಟರಲ್ಲಿ ಉಜ್ಜಿ ಮುಗಿಸಿದ್ದರು. ಬಂದ ಕಾರಣ ಹೇಳಿದಾಗ ಪೇಂಟರ್ ನನ್ನನ್ನು ನೋಡಿ ನಕ್ಕ.

"ಹಳೇ ಬಣ್ಣ ಹುಡುಕ್ಕೊಂತ ಯಾರರ ಬರ್ತಾರೇನ ಮಾವಶಿ? ಧೂಳ ಕೆಳಗ ಬಿದ್ದೈತಿ. ಬೇಕಾದ್ರ ಗಂಟ ಕಟಗೊಂಡ ಹೋಗ್ರಿ."

ಸೊಸೆ ಬಗ್ಗಿ ನೋಡಿದಳು. ಧೂಳೆಲ್ಲ ಕಲೆತು ಒಂದೇ ಬಣ್ಣ ಆಗಿತ್ತು. ನಾನು ಸೀಟು ನೋಡಿದೆ. ಹೊಸ ರೆಗ್ಸಿನ್ ಹಾಕಿದ್ದರು. ಏನೂ ಅನಿಸಲಿಲ್ಲ. ಹಸಿವೆ ಆಗಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದೆ. ಅವಳು ತಿನ್ನಲಿಲ್ಲ.

ಮನೆಯ ಅಟ್ಟದ ಮೇಲೆ ಆಗಿನ ಬಣ್ಣದ್ದೇ ಒಂದು ಕಟ್ಟಿಗೆ ಟೊಮೇಟೊ ಉಳಿದಿತ್ತು. ಅದನ್ನು ಮುಂದೆ ಇಟ್ಟುಕೊಂಡು ಕಲಸಿದೆ. ಸೊಸೆ ಪ್ಲಾಸ್ಟಿಕ್ ಚಮಚದ ಮೇಲೆ ಊದಿ ನೋಡಿ "ಅಲ್ಲ" ಎಂದಳು.

"ಇದ ಟೊಮೇಟೊನ ಐತಿ. ಇನ್ನೇನ ಬೇಕ?"

"ಇದ ಅಟ್ಟದ ಮ್ಯಾಲಿಂದ್ರಿ. ಅದು ಬಿಸಲಾಗ ನಿಂತಿದ್ದು."

ಮಾತು ಖರೆ. ಅವನು ಬಳಿದ ದಿನ ನಾನು ನೋಡಿದ್ದು ಹಸಿ ಬಣ್ಣ. ಆಮೇಲೆ ಅದನ್ನು ದಿಟ್ಟಿಸಿ ನೋಡಿದವಳಲ್ಲ. ಅವನು ಇರುವಾಗ ಅಮಾವಾಸ್ಯೆಗೊಮ್ಮೆ ಪೂಜೆಗೆ ಗಾಡಿ ತೊಳೆಯುತ್ತಿದ್ದವಳು ಇವಳು. ಮಾಸುತ್ತ ಹೋದದ್ದು ಇವಳಿಗೆ ಗೊತ್ತು. ನನ್ನ ಕೈಯಲ್ಲಿ ಕಡ್ಡಿ, ಅವಳ ಕಣ್ಣಲ್ಲಿ ಬಣ್ಣ. ಕೆಲಸ ಸಾಗುವುದು ಹೇಗೆ? ಬಿಳಿ ಮುಟ್ಟಿಸಿದೆ, ಗುಲಾಬಿ ಆಯಿತು. ಚೆಲ್ಲಿದೆ. ಹಳದಿ ಹಾಕಿದೆ, ಕಿತ್ತಳೆ ಆಯಿತು. ಚೆಲ್ಲಿದೆ. ಕಂದು ಬಣ್ಣ ಚೂರು ಮುಟ್ಟಿಸಿದೆ. ಮರುದಿನವೂ ಅದೇ ಹಾಡು. ಚಮಚಗಳು ಸಾಲಾಗಿ ಒಣಗುತ್ತಿದ್ದವು, ಅವಳು ಒಂದೊಂದನ್ನೇ ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದು ಅಲ್ಲ ಅನ್ನುತ್ತಿದ್ದಳು.

ನನಗೆ ಸಿಟ್ಟು ಬಂತು. "ಸತ್ತಾಂವ ಬಂದ ನೋಡ್ತಾನೇನ?"

"ನಾ ನೋಡ್ತೇನ್ರಿ," ಎಂದಳು. ದನಿ ಏರಿಸಲಿಲ್ಲ.

ಮತ್ತೊಂದು ಮುಚ್ಚಳ ಕಲಸಿಕೊಟ್ಟೆ. ಅದನ್ನು ನೋಡಿ ಅವಳು ಕೂಡಲೇ ಅಲ್ಲ ಅನ್ನಲಿಲ್ಲ. ಊದಿದಳು, ಒಣಗಿಸಿದಳು, ತಲೆ ಅಲ್ಲಾಡಿಸಿದಳು.

"ಮುಚ್ಚಳದಾಗ ಅದ ಅನಸತೈತಿ. ಊದಿದ ಮ್ಯಾಲ ಅಲ್ಲ ಅನಸತೈತಿ. ಭಾಳ ಉಜಳ ಆಗತೈತಿ, ಮಿಂಚತೈತಿ."

ನಾನು ಚಮಚ ನೋಡಿದೆ. ಬಿಳಿ ಚಮಚ. ಪಕ್ಕದಲ್ಲಿ ಇಟ್ಟಿದ್ದ ಸಣ್ಣ ಗಾಡಿಗೂ ನಾನೇ ಬಿಳಿ ಹೊಡೆಸಿದ್ದೆ. ಹಣ್ಣಿನ ಕೆಲಸದಲ್ಲಿ ಬಿಳಿ ಇಲ್ಲದೆ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಅಂಟಿನಲ್ಲಿ ಬಿಳಿಮಣ್ಣು ಕಲಸಿ ಮೊದಲು ಅದನ್ನು ಬಳಿಯಬೇಕು, ಅದರ ಮೇಲೆ ಬಣ್ಣ ಏಳುತ್ತದೆ. ಜನ್ಮವೆಲ್ಲ ಮಾಡಿದ್ದು ಅದನ್ನೇ, ಇಲ್ಲಿಯೂ ಅದನ್ನೇ ಮಾಡಿದ್ದೆ. ಆದರೆ ಊದಿದ ಬಣ್ಣ ಬ್ರಷ್ಷಿನ ಬಣ್ಣದ ಹಾಗೆ ದಪ್ಪ ಕೂಡುವುದಿಲ್ಲ. ಕೆಳಗಿನ ಬಣ್ಣ ಮೇಲೆ ಹಾದು ಕಾಣುತ್ತದೆ.

ಆಗ ಅವನು ಬಳಿದ ದಿನ ನೆನಪಾಯಿತು. ನಾನು ಬಾಗಿಲಲ್ಲಿ ನಿಂತು ಬೈದಿದ್ದೆ. "ಬಿಳಿ ಹಚ್ಚಲಾರದ ಬಳದೀ? ಕಬ್ಬಿಣ ಕಾಣಾಕತ್ತೈತಿ ನೋಡ." ಅವನು ತಿರುಗಿಯೂ ನೋಡಲಿಲ್ಲ. "ಇದೇನ ಹಣ್ಣಲ್ಲ ಬೇ. ಇದನ್ನ ಯಾರೂ ತಗೊಂಡ ಮನ್ಯಾಗ ತೂಗ ಹಾಕಾಂಗಿಲ್ಲ."

ಸೊಸೆಗೆ ಹೇಳಿದೆ, "ಬಿಳಿ ಬ್ಯಾಡ. ತ್ಯಾಪಿ ಜಾಗಾದಾಗ ಬಿಳಿ ಉಜ್ಜಿ ತಗಿ. ಕಬ್ಬಿಣದ ಬಣ್ಣ ಊದ. ಅಂವ ಬಿಳಿ ಹಚ್ಚಿದ್ದಿಲ್ಲ."

ಅವಳು ಬೇರೆ ಚಮಚಕ್ಕೆ ಬೂದಿಬಣ್ಣ ಊದಿ, ಒಣಗಿದ ಮೇಲೆ ಅದೇ ಮುಚ್ಚಳದ ಕೆಂಪು ಊದಿದಳು. ಬಾಗಿಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದವಳು "ಇದ" ಎಂದಳು.

ಮುಚ್ಚಳದಲ್ಲಿ ಇನ್ನೂ ಚೂರು ಉಳಿದಿತ್ತು. ಮಡ್‌ಗಾರ್ಡಿನ ತ್ಯಾಪೆ ಉಗುರಿನಷ್ಟು. ಒಮ್ಮೆಗೆ ಆದರೆ ಆಯಿತು, ತಪ್ಪಿದರೆ ಆ ಬಣ್ಣ ಮತ್ತೆ ಸಿಗುವುದಿಲ್ಲ. ನಾನು ಮತ್ತೊಮ್ಮೆ ಸೋಸಿ ಕೊಟ್ಟೆ. ಅವಳು ಉಸಿರು ಹಿಡಿದು ಊದಿದಳು. ಗನ್ನು ಉಗುಳಲಿಲ್ಲ. ಬಣ್ಣ ಕೂತಿತು.

ಮೂಡಲಗಿಯವರು ತಮ್ಮದನ್ನು ಒಯ್ಯಲು ಬಂದಾಗ ಎರಡೂ ಗಾಡಿ ಹಲಗೆಯ ಮೇಲಿದ್ದವು. ಅವರು ಹೊಸದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಂಡರು.

"ಇದಕ್ಕ ಟೊಮೇಟೊ ಬಿದ್ದೈತಲ್ರಿ," ಎಂದರು. "ಹೂಬೇಹೂಬ ಅದ ಐತಿ."

"ಅದ ನಂದ್ರಿ. ನಿಮ್ಮದು ಬಾಜೂದ್ದು," ಎಂದಳು ಸೊಸೆ.

ಅವರು ಕೆಳಗೆ ಇಟ್ಟರು. "ಬಣ್ಣ ಹೊಡಸಿದ ಮ್ಯಾಲ ಪಾಳ್ಯಾಗ ನನ್ನ ಗಾಡಿ ಯಾರೂ ಗುರ್ತ ಹಿಡೀವಲ್ರು," ಎಂದು ತಮ್ಮದನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದರು.

ನನ್ನ ಕಣ್ಣಿಗೆ ಆ ತ್ಯಾಪೆ ಈಗಲೂ ಗುರುತಿನದಲ್ಲ. ನನಗೆ ಗೊತ್ತಿರುವುದು ಹಸಿ ಕೆಂಪು. ಅವಳು ಹೌದು ಅಂದಳು, ಅವರೂ ಹೌದು ಅಂದರು, ಹಾಗಾದರೆ ಹೌದು.

ಅವಳು ಗಾಡಿಯನ್ನು ಕಿಟಕಿಯಲ್ಲಿ ಇಟ್ಟಳು. ಅಲ್ಲಿ ಇಳಿಹೊತ್ತಿನ ಬಿಸಿಲು ನೇರ ಬೀಳುತ್ತದೆ.

"ಅಲ್ಲಿಂದ ತಗಿ," ಎಂದೆ. "ಮತ್ತ ಮಾಸಿದ್ರ ನಾ ಕಲಸಾಂಗಿಲ್ಲ."

ತೆಗೆದಳು. ನಾನು ಮುಚ್ಚಳ ತೊಳೆದು ಬೋರಲು ಹಾಕಿದೆ.