ಬರಿಗೈಯ ಭಾನುವಾರಗಳು

ಮಾವನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಅರ್ಧ ಕಪ್ಪು. ಟೈಪ್‌ರೈಟರ್ ರಿಬ್ಬನ್ನಿನ ಮಸಿ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಉಗುರಿನಲ್ಲಿ ಗಾಳಕ್ಕೆ ಎರೆಹುಳು ತುಂಡು ಮಾಡುತ್ತಿದ್ದರು, ಅದೇ ಉಗುರಿನಲ್ಲಿ ನನ್ನ ಪುಸ್ತಕದ ಹಾಳೆ ತಿರುವುತ್ತಿದ್ದರು. ಥೂ ಎನ್ನಿಸುತ್ತಿತ್ತು, ಬಾಯಿಬಿಟ್ಟು ಹೇಳುತ್ತಲೂ ಇದ್ದೆ. ಅವರು ನಕ್ಕು ಮುಂದಿನ ಹಾಳೆ ತಿರುವುತ್ತಿದ್ದರು.

ಕುಂಬಾರಕೊಪ್ಪಲಿನಲ್ಲಿ ನಮ್ಮ ಪಕ್ಕದ ಮನೆಯವರು. ಚಾಮರಾಜಪುರಂನಲ್ಲಿ ಟೈಪ್‌ರೈಟರ್ ರಿಪೇರಿ ಅಂಗಡಿ ಇಟ್ಟಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ಮಾವ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಓದುತ್ತಿದ್ದದ್ದು ಕಂಪ್ಯೂಟರ್, ಅಂದರೆ ಅವರ ಅನ್ನಕ್ಕೆ ಕಲ್ಲು ಹಾಕುವ ವಿದ್ಯೆ. ಅದಕ್ಕಾಗಿ ಅವರು ನನ್ನ ಮೇಲೆ ಒಂದು ದಿನವೂ ಮುಖ ಗಂಟು ಹಾಕಿಕೊಳ್ಳಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಜಂಬದಿಂದ ಕೃತಕ ಬುದ್ಧಿಮತ್ತೆಯನ್ನೇ ಆರಿಸಿಕೊಂಡಿದ್ದೆ. ಉದಾಹರಣೆಗಳನ್ನು ನೋಡಿ ನೋಡಿ ತಾನೇ ಕಲಿಯುವಂಥ ಪ್ರೋಗ್ರಾಂ ಬರೆಯಬೇಕು. ಮೂರು ತಿಂಗಳು ಬಾಗಿಲು ಹಾಕಿಕೊಂಡು ಓದಿದೆ. ಪುಸ್ತಕ ಬಾಯಿಪಾಠವಾಯಿತೇ ಹೊರತು, ಯಂತ್ರಕ್ಕೆ ಏನು ಕಲಿಸಬೇಕು ಎನ್ನುವುದೇ ಹೊಳೆಯಲಿಲ್ಲ. ವೈವಾದಲ್ಲಿ ಅದು ಕೆಲಸ ಮಾಡಿ ತೋರಿಸದಿದ್ದರೆ ನಿನ್ನ ವರ್ಷ ಹೋಯಿತು ಎಂದು ನಮ್ಮ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ನನಗೆ ತಲೆನೋವು, ಅಳು, ಎಲ್ಲರ ಮೇಲೂ ಸಿಡುಕು. ಅಮ್ಮ ಕಾಂಪೌಂಡಿನಾಚೆ ನಿಂತಿದ್ದ ಮಾವನಿಗೆ ದೂರು ಒಪ್ಪಿಸಿದಳು.

"ತಲೆಗೆ ಒಂದು ಗಂಟೆ ಕೊಟ್ರೆ ಕೈಗೂ ಒಂದು ಗಂಟೆ ಕೊಡ್ಬೇಕು ಕಣವ್ವ," ಎಂದರು ಮಾವ. "ಇಲ್ದಿದ್ರೆ ತಲೆ ಕೆಟ್ಟೋಯ್ತದೆ."

ಅಂದಿನಿಂದ ಸಂಜೆ ಅವರ ಅಂಗಡಿಯಲ್ಲಿ ಕೀಲಿಗಳ ಮಸಿ ತೆಗೆಯುವುದು, ಜೋಳದ ದಂಟು ಸೀಳಿ ಗಾಳದ ದಾರಕ್ಕೆ ತೇಲುವ ಬೆಂಡು ಕತ್ತರಿಸುವುದು. ಭಾನುವಾರ ಅವರ ಸ್ಕೂಟರಿನಲ್ಲಿ ಮಂಡಕಳ್ಳಿಯಾಚೆಯ ಕೆರೆಗೆ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ, ಮೀನಿನ ಹೆಸರೆತ್ತುವ ಹಾಗಿರಲಿಲ್ಲ. ಮೀನು ಮುಟ್ಟಕೂಡದು, ಬಂದವಳು ಹಿತ್ತಿಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು ಎಂಬ ಕರಾರಿನ ಮೇಲೆ ಅಮ್ಮ ಕಳಿಸಿದಳು. ಹಾಗಾಗಿ ನನಗೆ ಉಳಿದ ಕೆಲಸ ನೀರಿನ ಮೇಲಿನ ಬೆಂಡು ನೋಡುವುದೊಂದೇ.

ಬೆಂಡು ಕುಣಿದರೆ ಅದು ಮೀನೋ ಬರೀ ಗಾಳಿಯೋ ಎಂದು ಮಾವ ಕೂತಲ್ಲೇ ಹೇಳಿಬಿಡುತ್ತಿದ್ದರು. ಇದನ್ನೇ ಯಂತ್ರಕ್ಕೆ ಕಲಿಸಿದರೆ? ಬೆಂಡು ಎಷ್ಟು ಸಲ ಕುಣಿಯಿತು, ಎಷ್ಟು ಹೊತ್ತು ಮುಳುಗಿತ್ತು, ಯಾವ ಕಡೆ ಓಡಿತು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಕಾಲೇಜಿನ ಕಂಪ್ಯೂಟರಿಗೆ ತುಂಬಿದೆ. ಆ ಮಹಾರಾಯ ಯಂತ್ರ ಏನು ಕೊಟ್ಟರೂ ಮೀನು ಎನ್ನುತ್ತಿತ್ತು. ಗಾಳಿಯೂ ಮೀನು, ಅಲೆಯೂ ಮೀನು. ವೈವಾಕ್ಕೆ ಎರಡೇ ತಿಂಗಳು ಉಳಿದಿತ್ತು.

ನೋಟ್‌ಬುಕ್ಕನ್ನು ಮಾವನ ಮೇಜಿನ ಮೇಲೆ ಕುಕ್ಕಿ, ನಿಮ್ಮ ಕೆರೆಯೂ ಬೇಡ ಮೀನೂ ಬೇಡ ಎಂದೆ. ಅವರು ಕಪ್ಪು ಉಗುರಿನಲ್ಲಿ ಒಂದೊಂದೇ ಹಾಳೆ ತಿರುವಿದರು.

"ಬರಿಗೈಲಿ ಬಂದ ಭಾನುವಾರ ಎಲ್ಲವ್ವ?"

"ಅವತ್ತು ಏನೂ ಆಗ್ಲಿಲ್ವಲ್ಲ ಮಾವ. ಏನು ಬರೀಲಿ?"

"ನಾನು ಕಲ್ತಿದ್ದೇ ಅವತ್ತು ಕಣವ್ವ. ಮೋಸ ಹೋಗಿದ್ದನ್ನೂ ಬರಿ. ಬರೀ ಮೀನು ಕಂಡಿರೋದು ಮೀನು ಅನ್ದೆ ಇನ್ನೇನಂದಾತು?"

ಪರೀಕ್ಷೆಯಲ್ಲಿ ಸರಿಯುತ್ತರ ಮಾತ್ರ ಬರೆದು ಬೆಳೆದ ಹುಡುಗಿ ನಾನು. ಮೀನು ಸಿಕ್ಕದ ಕುಣಿತವನ್ನು ಒಂದು ಸಂಗತಿ ಎಂದೇ ಎಣಿಸಿರಲಿಲ್ಲ. ಪುಸ್ತಕದಲ್ಲಿ ಅದು ಬರೆದಿತ್ತು, ನಾನು ಅಡಿಗೆರೆಯನ್ನೂ ಎಳೆದಿದ್ದೆ. ತಲೆಗೆ ಹತ್ತಿದ್ದು ಮಾತ್ರ ಅವತ್ತು. ಮುಂದಿನ ಏಳು ಭಾನುವಾರ ಗಾಳಿ, ಅಲೆ, ಆಮೆ, ಬೆಂಡಿನ ಮೇಲೆ ಕೂತ ತುಂಬಿ, ಎಲ್ಲದರ ಕುಣಿತವನ್ನೂ ಬರೆದೆ.

ವೈವಾಕ್ಕೆ ಮುಂಚಿನ ಭಾನುವಾರ ಮಾವ ಒಬ್ಬರೇ ಹೋಗಿ ಇಪ್ಪತ್ತು ಕುಣಿತ ಗುರುತು ಮಾಡಿಕೊಂಡು ಬಂದರು. ಮೀನು ಬಿತ್ತೋ ಇಲ್ಲವೋ ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು, ನನಗೂ ತೋರಿಸಲಿಲ್ಲ. ವೈವಾದ ದಿನ ನನ್ನ ಜೊತೆ ಕಾಲೇಜಿಗೆ ಬಂದಿದ್ದ ಅವರನ್ನು ಪರೀಕ್ಷಕರು ಒಳಗೆ ಕರೆಸಿ ಚೀಟಿ ಈಸಿಕೊಂಡರು. ನಾನು ಇಪ್ಪತ್ತೂ ಕುಣಿತವನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟೆ. ಇಪ್ಪತ್ತರಲ್ಲಿ ಹದಿನೆಂಟು ಸರಿ! ಉಳಿದ ಎರಡು, ಯಂತ್ರ ಮೀನು ಅಂದಿದೆ, ಇವರು ಗಾಳಿ ಅಂತ ಬರೆದಿದ್ದಾರೆ, ಇದಕ್ಕೇನು ಹೇಳ್ತೀಯಮ್ಮ ಎಂದರು ಪರೀಕ್ಷಕರು.

ಮಾವ ಬಾಗಿಲ ಬಳಿಯಿಂದಲೇ ಹೇಳಿದರು: "ಅವೆರಡಕ್ಕೆ ನಾನೂ ಕೋಲು ಎತ್ತಿ ಬೇಸ್ತು ಬಿದ್ದೆ ಸಾರ್."

ಪರೀಕ್ಷಕರು ಕುರ್ಚಿಯಿಂದೆದ್ದು ಹೋಗಿ ಆ ಮಸಿಗೈಯನ್ನು ಕುಲುಕಿದರು. ಪಾಸಾಗುವುದಿರಲಿ, ತರಗತಿಗೇ ಮೊದಲಿಗಳಾದೆ. ಅದಾದ ಮೇಲಿನ ಭಾನುವಾರ ಕೆರೆಯಿಂದ ಬಂದವಳನ್ನು ಅಮ್ಮ ನೀರು ಹಾಕಿಕೊಳ್ಳಲೂ ಹೇಳದೆ ಒಳಗೆ ಕರೆದುಕೊಂಡಳು.

ಅದೇ ವಿಷಯವನ್ನು ನಾನು ಕಾಲೇಜಿನಲ್ಲಿ ಪಾಠ ಹೇಳತೊಡಗಿ ಆರನೆಯ ವರ್ಷಕ್ಕೆ ಮಾವ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನ ಬೆರಳು ಹಿಡಿದು ನೋಡಿ, ಮಸಿ ಇಲ್ವಲ್ಲವ್ವ, ಕೈಗೆ ಗಂಟೆ ಕೊಡ್ತಿಲ್ವ ಎಂದು ಗದರಿದ್ದರು. ತಿಥಿ ಕಳೆದ ಭಾನುವಾರ ಅವರ ಗಾಳದ ಕೋಲು ತೆಗೆದುಕೊಂಡು ಕೆರೆಗೆ ಹೋದೆ. ಎರೆಹುಳುವನ್ನು ನಾನೇ ಉಗುರಿನಲ್ಲಿ ಕತ್ತರಿಸಿದೆ. ಎರಡು ಸಲ ಬೇಸ್ತು ಬಿದ್ದೆ, ಎರಡನ್ನೂ ಬರೆದುಕೊಂಡೆ.

ಮೂರನೆಯದು ಮೀನು.