ವಿಕ್ರೋಳಿಯಲ್ಲಿ ಅರಿಶಿನ ಹಚ್ಚಿದ ಯಂತ್ರ

ವಡಾಲದಲ್ಲಿ ನಾನೂ ಶಾಂತಾಳೂ ಹಾರ್ಬರ್ ಲೈನಿನ ಲೋಕಲ್ ರೈಲು ಹತ್ತಿದ್ದು ಬೆಳಿಗ್ಗೆ. ಇಸವಿ ಎಂಬತ್ತೊಂಬತ್ತೋ ತೊಂಬತ್ತೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಸೆಕೆ ಮಾತ್ರ ನಿಜ. ಥರ್ಮಾಸಿಗೆ ತುಂಬಿದ ಐಸಿಗೆ ಟಿಕೆಟಿಗಿಂತ ಹೆಚ್ಚು ಖರ್ಚಾಗಿತ್ತು.

ಆ ಐಸಿನಲ್ಲಿದ್ದದ್ದು ನನ್ನ ವಿದ್ಯಾರ್ಥಿನಿ ಶಾಂತಾಳ ಎರಡು ವರ್ಷದ ದುಡಿಮೆ. ದೇವನಾರದ ಕಸಾಯಿಖಾನೆಯಿಂದ ಕುರಿಯ ಮಿದುಳು ತಂದು, ಅದರ ಪ್ರೋಟೀನು ಬೇರ್ಪಡಿಸಿ, ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಕೂರಿಸಿದ್ದಳು. ಗುಳ್ಳೆಯೊಳಗೆ ಗ್ಲುಟಮೇಟ್, ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ರಾಸಾಯನಿಕ. ಕ್ಯಾಲ್ಸಿಯಂ ಬೆರೆಸಿದಾಗ ಅದು ಹೊರಬಂದರೆ, ಸುತ್ತಲಿನ ದ್ರಾವಣ ಬೆಳಗಿ, ಬೆಳಕು ಅಳೆಯುವ ಯಂತ್ರದ ಗೆರೆ ಏರಬೇಕು. ನಮ್ಮ ಲ್ಯಾಬಿನ ಯಂತ್ರ ಕೆಟ್ಟಿತ್ತು. ವಿಕ್ರೋಳಿಯ ಕಂಪನಿಯೊಂದರಲ್ಲಿ ಇನ್ನೊಂದಿತ್ತು. ಸಂಜೆ ದಾಟಿದರೆ ಗುಳ್ಳೆಗಳು ಸೋರಿಹೋಗುತ್ತವೆ.

ಕುರ್ಲಾದಲ್ಲಿ ವಡಾಪಾವ್ ತಿಂದು ಗಾಡಿ ಬದಲಿಸಿದೆವು. ಕಂಪನಿಯ ಗೇಟಿಗೆ ಮಾವಿನೆಲೆ, ಚೆಂಡುಹೂ ಕಟ್ಟಿದ್ದರು. ಆಯುಧಪೂಜೆ. ಯಂತ್ರದ ಉಸ್ತುವಾರಿ ನೋಡುವ ಮೈಸೂರಿನ ಮೂರ್ತಿ ಫೋನಿನಲ್ಲಿ ಈ ದಿನವೇ ಬನ್ನಿ ಎಂದಿದ್ದರು. ಅಥವಾ ಮರುದಿನ ಎಂದಿದ್ದರೋ?

"ಇವತ್ತು ಮೆಷಿನ್ ಮುಟ್ಟೋ ಹಾಗಿಲ್ಲ ಕಣ್ರೀ. ಪೂಜೆ ಆಗಿದೆ," ಎಂದರು ಈಗ.

"ಪೂಜೆ ಮಾಡಿದ್ದು ಕೆಲಸ ಮಾಡಲಿ ಅಂತಲೋ, ಮಲಗಲಿ ಅಂತಲೋ?" ಎಂದು ದನಿ ಏರಿಸಿದೆ. ಶಾಂತಾ ಥರ್ಮಾಸ್ ತೆರೆದು ಕರಗಿದ ಐಸು ತೋರಿಸಿದಳು. ಮೂರ್ತಿ ಹಾರ ಸರಿಸಿ, ಕೈಮುಗಿದು, ಸ್ವಿಚ್ ಹಾಕಿದರು.

ಗೆರೆ ಏರಿತು. ನಾವು ಕನಸಿನಲ್ಲಿ ಕಂಡಷ್ಟು ಚೆಂದವಾಗಿ ಏರಿತು.

"ನೋಡಮ್ಮ, ದೇವರು ಕಣ್ಬಿಟ್ಟ," ಎಂದರು ಮೂರ್ತಿ.

"ಖಾಲಿ ಗುಳ್ಳೆ ಒಮ್ಮೆ ಹಾಕುವಾ ಸರ್," ಎಂದಳು ಶಾಂತಾ. ಅವುಗಳಲ್ಲಿ ಪ್ರೋಟೀನೂ ಇಲ್ಲ, ಗ್ಲುಟಮೇಟೂ ಇಲ್ಲ, ಗೆರೆ ಅಲುಗಬಾರದು. ಅದೂ ಅಷ್ಟೇ ಚೆಂದವಾಗಿ ಏರಿತು.

ಅವಳು ಮಾದರಿ ಹಾಕುವ ಗಾಜಿನ ಪುಟ್ಟ ಚೌಕ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂಲೆಗಳಲ್ಲಿ ಹಳದಿ.

"ಇದಕ್ಕೂ ಹಚ್ಚಿದ್ರಾ?" ಎಂದೆ.

"ಎಲ್ಲಾ ಸಲಕರಣೆಗೂ ಹಚ್ಚಬೇಕಲ್ವೇ? ಆಮೇಲೆ ಒರೆಸಿದೀನಿ."

ಅರಿಶಿನ ಕೊಬ್ಬಿಗೆ ಸೇರಿದರೆ ಯಂತ್ರದ ಬೆಳಕಿನಲ್ಲಿ ತಾನೇ ಬೆಳಗುತ್ತದೆ; ಗೆರೆ ಏರಿಸಿದ್ದು ಗ್ಲುಟಮೇಟಲ್ಲ, ಅರಿಶಿನ. ನಾನು ಬಾಯಿಗೆ ಬಂದಂತೆ ಬೈದೆ. ನೀರಿಗೆ, ಸೋಪಿಗೆ ಅದು ಬಿಡಲಿಲ್ಲ. ಅಲ್ಲಿದ್ದ ಕೊಳವೆಗಳೆಲ್ಲ ಪೂಜೆಗೊಂಡಿದ್ದವು. ಮೂರ್ತಿ ಮೆಲ್ಲಗೆ, "ಮೊದಲನೇ ಗೆರೆ ಚೆನ್ನಾಗೇ ಇದೆಯಲ್ಲ. ಖಾಲೀದು ಬಿಟ್ಬಿಡಿ," ಎಂದರು.

"ಬಿಟ್ರೆ ಡಾಕ್ಟರೇಟ್ ಅರಿಶಿನಕ್ಕೆ ಸಿಗ್ತದೆ, ನಂಗಲ್ಲ," ಎಂದು ಶಾಂತಾ ಎರಡೂ ಗ್ರಾಫ್ ಮಡಚಿ ಚೀಲಕ್ಕೆ ಹಾಕಿದಳು.

ವಿಕ್ರೋಳಿ ಸ್ಟೇಷನ್ನಿನಲ್ಲಿ ಥರ್ಮಾಸಿನ ನೀರಿನೊಂದಿಗೆ ಸೋರಿದ ಗುಳ್ಳೆಗಳನ್ನೂ ಚೆಲ್ಲಿದೆವು. ಗಾಡಿ ಹೊರಟ ಮೇಲೂ ನಾನು ಮೂರ್ತಿಯನ್ನು ಬೈಯುತ್ತಲೇ ಇದ್ದೆ. ಶಾಂತಾ ಹಳದಿ ಬೆರಳುಗಳನ್ನು ಸೆರಗಿಗೆ ಉಜ್ಜುತ್ತಿದ್ದಳು. ಬಣ್ಣ ಹೋಗಲಿಲ್ಲ.

"ನಾಳೆ ದಸರಾ," ಎಂದಳು. "ದೇವನಾರ್ ತೆರೆದಿರ್ತದಾ ಸರ್?"